ತಾಟಿನ ಅಂಚಿನ ಹೆಸರು

ನಾನು ಹೆಸರು ಕದ್ದು ಬರೆದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಹಿಡಿದು ನಿಲ್ಲಿಸಿ ಕೇಳುವುದು ಬೇಡ. ಬದುಕಿದ್ದವರ ಹೆಸರಾಗಿದ್ದರೆ ಬೈಸಿಕೊಂಡು, ತಪ್ಪಾಯಿತು ಅಂದು ಮುಗಿಸಬಹುದಿತ್ತು. ನಾನು ಕದ್ದದ್ದು ನನ್ನ ಗಂಡನ ಮೊದಲ ಹೆಂಡತಿಯ ಹೆಸರು. ಆಗ ಆಕೆ ತೀರಿಹೋಗಿ ಏಳು ವರ್ಷವಾಗಿತ್ತು.

ನನ್ನ ತವರು ರಾಣೆಬೆನ್ನೂರು. ಬಿ.ಎ. ಮುಗಿಸಿ, ಕಂಪ್ಯೂಟರ್ ಕಲಿತು, ಮನೆಯಲ್ಲಿ ಕಥೆ ಬರೆಯುತ್ತ ಕೂತಿದ್ದೆ. ಬರೆದದ್ದನ್ನು ಪತ್ರಿಕೆಗಳಿಗೆ ಕಳಿಸುವುದು, ಅವು ನಾನೇ ಸ್ಟಾಂಪು ಹಚ್ಚಿ ಒಳಗಿಟ್ಟ ಕವರಿನಲ್ಲಿ ತಿರುಗಿ ಬರುವುದು. ಅಂಚೆಯವನು ಅಂಗಳದಿಂದಲೇ, "ನಿಮ್ಮ ಅಕ್ಷರದ್ದ ಬಂದೈತಿ ನೋಡ್ರಿ" ಅನ್ನುತ್ತಿದ್ದ, ಓಣಿಗೆಲ್ಲ ಕೇಳುವ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ವರಗಳು ಬಂದು ಹೋಗುತ್ತಿದ್ದವು, ಕಥೆಗಳು ಹೋಗಿ ಬರುತ್ತಿದ್ದವು. ಇಪ್ಪತ್ತೊಂಬತ್ತು ದಾಟಿದ ಮೇಲೆ ಬ್ಯಾಡಗಿಯಲ್ಲಿ ಗೋಣಿಚೀಲದ ಅಂಗಡಿ ಇಟ್ಟಿದ್ದ, ಹೆಂಡತಿ ತೀರಿದ್ದ, ಮಕ್ಕಳಿಲ್ಲದ ಒಬ್ಬರಿಗೆ ನನ್ನನ್ನು ಕೊಟ್ಟರು. ಮನುಷ್ಯ ಒಳ್ಳೆಯವರು. ಮಾತು ಮಾತ್ರ ಅಳೆದು ಸುರಿದ ಹಾಗೆ, ದಿನಕ್ಕೆ ಹತ್ತೋ ಹದಿನೈದೋ.

ಮದುವೆಯ ದಿನ ತಾಳಿಯ ಜೊತೆಗೆ ಒಂದು ಬೆಳ್ಳಿಯ ಬಿಲ್ಲೆಯನ್ನೂ ನನ್ನ ಕೊರಳಿಗೆ ಹಾಕಿದರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಅದರ ಮೇಲೆ ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಳು; ಎರಡು ಚುಕ್ಕಿ ಕಣ್ಣು, ನಾಲ್ಕು ಗೆರೆ ಸೀರೆಯ ನಿರಿಗೆ. ತೀರಿಹೋದ ಮೊದಲಾಕೆ ಅದರಲ್ಲಿ ಇರುತ್ತಾಳೆ, ಎರಡನೆಯವಳಾಗಿ ಬಂದವಳು ಅದನ್ನು ಕೊರಳಿನಿಂದ ತೆಗೆಯಬಾರದು. ಹೊಸ ಸೀರೆ ಬಂದರೆ ಮೊದಲು ಆಕೆಯ ಮುಂದಿಟ್ಟು ಆಮೇಲೆ ಉಡಬೇಕು. ನಮ್ಮ ಕಡೆ ಇದು ಹೊಸದೇನಲ್ಲ. ಆದರೆ ನೋಡಿ ಗೊತ್ತಿರುವುದು ಬೇರೆ, ಎದೆಯ ಮೇಲೆ ತಣ್ಣಗೆ ಬಂದು ಕೂರುವುದು ಬೇರೆ. ಅತ್ತೆ ಆಕೆಯ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ. 'ದೊಡ್ಡಾಕಿ' ಅನ್ನುತ್ತಿದ್ದರು. ನಾನು ಸೀರೆಯ ಮಡಿಕೆ ಬಿಚ್ಚುವುದರೊಳಗೆ, "ದೊಡ್ಡಾಕಿಗೆ ತೋರಿಸೀ ಇಲ್ಲೋ?" ಎಂದು ಒಳಗಿನಿಂದ ಕೇಳುವರು. ಒಳಗಿನ ಕೋಣೆಯಲ್ಲಿ ಯಾರೋ ಕಾಯುತ್ತ ಕೂತಂತೆ.

ಈ ಪದ್ಧತಿಗೆ ಇನ್ನೊಂದು ಬದಿಯೂ ಇದೆ. ಮೊದಲಾಕೆಯ ತಂದೆತಾಯಿ ಎರಡನೆಯವಳನ್ನು ಕರೆಸಿ, ಉಡಿ ತುಂಬಿ, 'ಇನ್ನ ಮ್ಯಾಲೆ ನೀನ ನಮ್ಮ ಮಗಳು' ಅನ್ನಬೇಕು. ಆಕೆಯ ತವರು ಕರ್ಜಗಿ. ಅಲ್ಲಿಂದ ಮದುವೆಗೆ ಯಾರೂ ಬರಲಿಲ್ಲ, ಆಮೇಲೆ ಕರೆಸಲೂ ಇಲ್ಲ. ಏಕೆಂದು ಕೇಳಿದರೆ ಅತ್ತೆ, "ದೊಡ್ಡಾಕಿ ಅವ್ವ, ಆ ಮುದುಕಿಗೆ ತಲಿ ನೆಟ್ಟಗಿಲ್ಲ" ಎಂದು ಒಲೆಯ ಕಡೆ ತಿರುಗಿದರು.

ಮನೆಯಲ್ಲಿ ಆಕೆಯ ಒಂದು ಫೋಟೋವೂ ಇರಲಿಲ್ಲ. ಮದುವೆಯ ಆಲ್ಬಮ್ಮನ್ನು ತವರಿನವರು ಒಯ್ದಿದ್ದರಂತೆ. ಆದರೆ ಹೆಸರು ಮಾತ್ರ ಅಡುಗೆಮನೆಯ ತುಂಬ ಇತ್ತು. ಮದುವೆಯಲ್ಲಿ ತವರಿನವರು ಕೊಟ್ಟ ಸ್ಟೀಲಿನ ಭಾಂಡೆ ಒಂದೊಂದರ ಮೇಲೂ ಅಂಗಡಿಯಲ್ಲಿ ಮಶಿನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿದ್ದರು. ಆಕೆಯ ಹೆಸರು, ಮುಂದೆ ತವರಿನ ಅಡ್ಡಹೆಸರು. ನಾನು ಉಣ್ಣುವ ತಾಟಿನ ಅಂಚಿನಲ್ಲಿ, ನೀರು ಕುಡಿಯುವ ಚರಗಿಯ ಕೊರಳಲ್ಲಿ, ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ. ತಿಕ್ಕಿ ತಿಕ್ಕಿ ನನ್ನ ಬೆರಳಿಗೆ ಆ ಅಕ್ಷರಗಳು ಬಾಯಿಪಾಠವಾಗಿದ್ದವು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಬರೆದದ್ದು ಸಾಕು.

ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಮಧ್ಯಾಹ್ನ ಎರಡು ತಾಸು ಅಲ್ಲಿ ಕಲಿಸಲು ಹೋಗುತ್ತಿದ್ದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಇಡೀ ಬ್ಯಾಡಗಿ ಸೀನುತ್ತದೆ, ನಮ್ಮ ಕೇಂದ್ರದಲ್ಲೂ ಕೀಲಿಮಣೆಯ ಸದ್ದಿಗಿಂತ ಸೀನುವ ಸದ್ದು ಹೆಚ್ಚು. ಪಾಠ ಮುಗಿದ ಮೇಲೆ ಒಂದು ತಾಸು ನನಗೆ ಇಂಟರ್ನೆಟ್ಟು ಸಿಗುತ್ತಿತ್ತು. ಎರಡು ಸಾವಿರದ ಏಳೋ ಎಂಟೋ ಇಸವಿ. ಕನ್ನಡದಲ್ಲಿ ಬ್ಲಾಗು ಬರೆಯುವವರು ಆಗ ಒಬ್ಬೊಬ್ಬರಾಗಿ ಹುಟ್ಟುತ್ತಿದ್ದರು. ಸಂಪಾದಕರಿಲ್ಲ, ಕವರಿಲ್ಲ, ಅಂಚೆಯವನಿಲ್ಲ. ಬರೆದು ಒಂದು ಗುಂಡಿ ಒತ್ತಿದರೆ ಪ್ರಕಟ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಮನೆಯಲ್ಲಿ ಸುಮ್ಮನೆ ಬಾಯಿಬಿಟ್ಟು ನೋಡಿದೆ. ಅತ್ತೆ, "ಬರಿಯವಾ, ಬ್ಯಾಡನ್ನಂಗಿಲ್ಲ. ಹೆಸರು ಹಾಕಬ್ಯಾಡ. ಮನಿ ಸೊಸಿ ಹೆಸರು ಮಂದಿ ಬಾಯಾಗ ಯಾಕ ಬೇಕು?" ಅಂದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಹೀಗೆ, ನೇರ ದಾರಿ ಬಿಟ್ಟು ಅಡ್ಡದಾರಿಯಲ್ಲಿ ಹೊರಬೀಳುತ್ತದೆ. ಮರುದಿನ ಕೇಂದ್ರದಲ್ಲಿ ಕೂತಾಗ ಪರದೆಯ ಮೇಲೆ ಹೆಸರು ತುಂಬಿ ಅಂತ ಬಂತು. ಯೋಚನೆಯನ್ನೇ ಮಾಡಲಿಲ್ಲ. ಬೆರಳುಗಳು ತಾವಾಗಿ ತಾಟಿನ ಅಂಚಿನ ಹೆಸರು ಟೈಪು ಮಾಡಿದವು, ಅಡ್ಡಹೆಸರಿನ ಸಮೇತ. ಸತ್ತವಳು ಬಂದು ಜಗಳ ತೆಗೆಯುವುದಿಲ್ಲವಲ್ಲ ಎಂದು ನಕ್ಕಿದ್ದೂ ನೆನಪಿದೆ.

ಆ ಹೆಸರಿನ ಕೆಳಗೆ ಬರೆಯಲು ಕೂತಾಗ ಒಂದು ವಿಚಿತ್ರ ನಡೆಯಿತು. ಅಲ್ಲಿಯ ತನಕ ನನ್ನ ಕಥೆಗಳೆಲ್ಲ ಇಸ್ತ್ರಿ ಮಾಡಿದ ಗ್ರಂಥದ ಭಾಷೆಯವು. ಈಗ ನನ್ನ ಮನೆಯ ಮಾತೂ ಅಲ್ಲದ, ರಾಣೆಬೆನ್ನೂರಿನ ಮಾತಿಗಿಂತ ಸ್ವಲ್ಪ ಎಳೆದು ಆಡುವ ಒಂದು ಮಾತು ಬಂತು. ಒಬ್ಬ ಹುಡುಗಿ ಮಾತಾಡತೊಡಗಿದಳು. ವರದಾ ಹೊಳೆಯ ಕಡೆಯ ಊರು. ಮನೆಯಲ್ಲೊಂದು ಎಮ್ಮೆ. ತಮ್ಮನ ತಲೆಗೆ ಹಣೆಯ ಮೇಲೆ ಇಳಿಯುವಷ್ಟು ಎಣ್ಣೆ ಹಾಕಿ ಬಾಚುತ್ತಾಳೆ. ಎಷ್ಟೇ ಚಳಿಯಿದ್ದರೂ ಎಡಗಾಲು ಕೌದಿಯ ಹೊರಗಿಡದೆ ಆಕೆಗೆ ನಿದ್ದೆ ಬರುವುದಿಲ್ಲ. ಇದೆಲ್ಲ ನನಗೆ ಯಾರೂ ಹೇಳಿದ್ದಲ್ಲ. ನಾನು ಹೆಣೆದದ್ದು ಎಂದೇ ತಿಳಿದಿದ್ದೆ. ಟೈಪು ಮಾಡುವಾಗ ಬಿಲ್ಲೆ ಎದೆಯ ಮೇಲೆ ಅತ್ತಿತ್ತ ಆಡುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಕೆಲವು ದಿನ ಮರುದಿನ ಓದಿದಾಗ ಒಂದೆರಡು ಸಾಲು ನಾನು ಬರೆದ ನೆನಪೇ ಇರುತ್ತಿರಲಿಲ್ಲ. ಚೆನ್ನಾಗಿವೆಯಲ್ಲ, ಯಾರು ಬರೆದರೇನು ಎಂದು ಬಿಟ್ಟೆ. ಬರೆಯುವವರ ದುರಾಸೆ ಅಂದರೆ ಇದು.

ಓದುವವರು ಬಂದರು. ಶಿರಸಿಯಿಂದ ಒಬ್ಬರು, ದುಬೈಯಿಂದ ಒಬ್ಬರು, ಊರು ಹೇಳದವರು ಕೆಲವರು. ಪ್ರತಿಕ್ರಿಯೆ ಬಂದಾಗಲೆಲ್ಲ ನನಗೆ ಹಬ್ಬ. ಅವರಲ್ಲಿ 'ಓದುಗ' ಎಂದಷ್ಟೇ ಬರೆದುಕೊಂಡ ಒಬ್ಬನಿದ್ದ. ಎಮ್ಮೆಯ ಬರಹದ ಕೆಳಗೆ ಅವನು, 'ಎಡಗೋಡು ಮುರದಿದ್ದ ಎಮ್ಮಿ ಅಲ್ಲಾ?' ಎಂದು ಕೇಳಿದ. ಬರಹ ಇಷ್ಟು ಹಿಡಿಸಿದೆ, ಕಲ್ಪನೆ ಬೆಳೆಸುತ್ತಿದ್ದಾನೆ ಎಂದು ನನಗೆ ಸಂತೋಷವಾಯಿತು. 'ಹೌದು, ಅದ' ಎಂದು ಬರೆದೆ. ಹಿತ್ತಲಲ್ಲಿ ಬನ್ನಿ ಗಿಡ ಇತ್ತು ಎಂದು ಬರೆದಾಗ, 'ಬನ್ನಿ ಅಲ್ಲ, ಬೇವು' ಎಂದ. 'ಹೌದು ನೋಡು, ಬೇವು. ಮರತಿದ್ದೆ' ಎಂದು ಉತ್ತರಿಸಿದೆ.

ಮರತಿದ್ದೆ. ಆ ಮಾತನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ವರ್ಷಗಟ್ಟಲೆ ಕವರು ತಿರುಗಿ ಬಂದದ್ದನ್ನು ನೋಡಿದವಳಿಗೆ, ಓದುವವನೊಬ್ಬ ಸಿಕ್ಕರೆ ಅವನು ಏನೆಂದರೂ ಹೌದು ಅನ್ನುವುದೇ ದಾರಿಯಾಗಿತ್ತು. ಅವನು ಕೊಟ್ಟದ್ದನ್ನೆಲ್ಲ ಮುಂದಿನ ಬರಹದಲ್ಲಿ ಸೇರಿಸಿಕೊಂಡೆ.

ಇತ್ತ ಮನೆಯಲ್ಲಿ ಒಂದು ಬೆಳಗ್ಗೆ ಹಾಸಿಗೆ ಮಡಿಸುವಾಗ ನನ್ನ ಗಂಡ, "ಕಾಲ ಹೊರಗ ಹಾಕಿ ಮಲಗೂದು ನಿನಗ ಯಾವಾಗಿನಿಂದ ರೂಢಿ ಆತು?" ಎಂದು ಕೇಳಿದರು. ನನಗೆ ಗೊತ್ತೇ ಇರಲಿಲ್ಲ. "ಶಕಿ ಆಗಿರಬೇಕು" ಅಂದೆ. ಅದು ಮಾಗಿಯ ಚಳಿ. ಅವರು ನನ್ನ ಕಾಲನ್ನೇ ಸ್ವಲ್ಪ ಹೊತ್ತು ನೋಡಿ, ಕೌದಿಯನ್ನು ಅರ್ಧಕ್ಕೇ ಬಿಟ್ಟು ಅಂಗಡಿಗೆ ಹೋದರು.

ತಮ್ಮನ ತಲೆ ಬಾಚುವ ಬರಹ ಹಾಕಿದ ಮೇಲೆ ಓದುಗನಿಂದ ಎರಡು ವಾರ ಏನೂ ಇಲ್ಲ. ಆಮೇಲೆ ಪ್ರತಿಕ್ರಿಯೆಯ ಬದಲು ಮೇಲ್ ಬಂತು. ಎದುರಿಗೆ ಹುಡುಗಿಯರು ಟೈಪಿಂಗ್ ಮಾಡುತ್ತಿದ್ದರು, ನಾನು ಒಂದು ಕಣ್ಣು ಅವರ ಮೇಲಿಟ್ಟು ತೆರೆದೆ.

'ಅಕ್ಕಾ, ನಾನು. ಗೋವಾದಾಗ ಹೋಟೆಲಿನ್ಯಾಗ ಅದೇನಿ. ಇಲ್ಲೆ ಕಂಪ್ಯೂಟರ್‌ನ್ಯಾಗ ಕನ್ನಡ ಬರಿಯೂದು ಕಲತು ನಮ್ಮ ಮಂದಿ ಹೆಸರು ಒಂದೊಂದ ಹೊಡದು ನೋಡಾಕತ್ತಿದ್ದೆ. ನಿನ್ನ ಹೆಸರು ಹೊಡದರ ನೀ ಬಂದಿ. ನಿನಗ ಓದಾಕ ಬರಿಯಾಕ ಬರತಿದ್ದಿಲ್ಲ. ಯಾರ ಕಡೆ ಬರಸಾಕತ್ತೀದಿ? ಎಲ್ಲಿದ್ದೀ?'

ಕುರ್ಚಿಯ ಹಿಡಿಕೆ ಹಿಡಿದುಕೊಂಡೆ. ಅಡುಗೆಮನೆಯ ಅಷ್ಟೂ ಭಾಂಡೆಗಳ ಮೇಲಿದ್ದ ಹೆಸರನ್ನು ಆಕೆಗೆ ಓದಲೂ ಬರುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಹಾಗೆಯೇ, ಬದುಕಿದ್ದವನೊಬ್ಬ ನಾಲ್ಕು ತಿಂಗಳಿಂದ ತನ್ನ ಸತ್ತ ಅಕ್ಕನ ಜೊತೆ ಮಾತಾಡುತ್ತಿದ್ದಾನೆ, ಅವಳ ಬದಲು ಹೌದು ಹೌದು ಅಂದವಳು ನಾನು ಎಂಬುದೂ ತಿಳಿಯಿತು. ಒಬ್ಬ ಹುಡುಗಿ "ಮೇಡಂ, ಏನಾತ್ರಿ?" ಎಂದಳು. ಮೆಣಸಿನಕಾಯಿ ಘಾಟು ಅಂದೆ.

ಉತ್ತರ ಬರೆಯುವ ಧೈರ್ಯವಾಗಲಿಲ್ಲ. ನಾಲ್ಕು ದಿನ ಕೇಂದ್ರದಲ್ಲಿ ಆ ಕಂಪ್ಯೂಟರಿನ ಹತ್ತಿರವೂ ಹೋಗಲಿಲ್ಲ. ಐದನೇ ದಿನ ಎರಡನೇ ಮೇಲ್ ಇತ್ತು. 'ನೀ ಮಾತಾಡದಿದ್ರೂ ಅಡ್ಡಿ ಇಲ್ಲ. ಅವ್ವಗ ಮೊದಲಿಂದ ಎಲ್ಲಾ ಫೋನಿನ್ಯಾಗ ಓದಿ ಹೇಳೇನಿ. ಬರೂ ಸೋಮವಾರ ಅವ್ವ ಬ್ಯಾಡಗಿಗೆ ಬರತಾಳಂತ. ನಿನ್ನ ಅಲ್ಲೇ ಎಲ್ಲೋ ಮುಚ್ಚಿ ಇಟ್ಟಾರ ಅಂತ ಅಕಿ ಮೊದಲಿಂದ ಅಂತಿದ್ಲು.'

ಆ ಮಧ್ಯಾಹ್ನ ನೇರ ಅಂಗಡಿಗೆ ಹೋದೆ. ಗೋಣಿಚೀಲದ ಅಟ್ಟಿಗಳ ನಡುವೆ ಕೂತು ನನ್ನ ಗಂಡ ಹರಿದ ಚೀಲ ಆರಿಸುತ್ತಿದ್ದರು. ಮೊದಲಿಂದ ಕೊನೆಯ ತನಕ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚೀಲ ಕೆಳಗಿಟ್ಟರು. ಮದುವೆಯಾದ ಮೇಲೆ ಅಷ್ಟು ಮಾತು ಒಟ್ಟಿಗೆ ಅವರ ಬಾಯಿಂದ ಬಂದದ್ದು ಅದೇ ಮೊದಲು.

"ಜ್ವರ ಬಂದಿತ್ತು. ಮೂರ ದಿನದಾಗ ಹೋದ್ಲು. ಹುಬ್ಬಳ್ಳಿ ದವಾಖಾನಿಯಿಂದ ತಂದ್ವಿ. ಭಾಳ ಮಳಿ. ವರದಾ ತುಂಬಿ ಕರ್ಜಗಿ ದಾರಿ ಬಂದ್ ಆಗಿತ್ತು. ಅವರಿಗೆ ಸುದ್ದಿ ಮುಟ್ಟೂದ ತಡಾ ಆತು. ಹಿರ್ಯಾರು ಇನ್ನ ಇಟಗೊಳ್ಳಾಕ ಬರೂದಿಲ್ಲ ಅಂದ್ರು. ನಾ ಸುಮ್ಮನಿದ್ದೆ. ಮಣ್ಣ ಮಾಡಿ ಬಂದ್ವಿ. ಎರಡ ದಿನದ ಮ್ಯಾಲೆ ಆ ಮುದುಕಿ ಬಂದು ಬಾಗಲಾಗ ನಿಂತು, ನನ್ನ ಮಗಳ ಮಾರಿ ತೋರಸ್ರಿ ಅಂದ್ಲು. ಎಲ್ಲಿಂದ ತೋರಸೂದು?"

"ಆಮ್ಯಾಲೆ?"

"ನಾ ಮಾರಿ ನೋಡಿಲ್ಲ, ನನ್ನ ಮಗಳು ಸತ್ತಿಲ್ಲ ಅಂದು ಹೋದ್ಲು. ಇಲ್ಲೀತನಕ ಅತ್ತಿಲ್ಲಂತ. ಒಂದ ಹನಿನೂ." ಅವರು ನನ್ನ ಮುಖ ನೋಡದೆ ಮುಂದುವರಿಸಿದರು. "ಸೋಮವಾರ ಆಕಿ ಇಲ್ಲಿಗೆ ಬರೂದು ಬ್ಯಾಡ. ನೀನ ಹೋಗು. ಖರೇ ಹೇಳಿ ಬಾ. ನನ್ನ ಮಾರಿ ಆಕಿಗೆ ಆಗೂದಿಲ್ಲ."

ಖರೇ ಹೇಳಿ ಬಾ. ಹೇಳುವುದು ಸುಲಭ. ಮಗಳು ಬದುಕಿದ್ದಾಳೆ ಎಂದು ಏಳು ವರ್ಷ ಹಿಡಿದುಕೊಂಡು ಕೂತವಳಿಗೆ ನಾನು ಸುಳ್ಳು ಸಾಕ್ಷಿ ಕೊಟ್ಟಿದ್ದೆ. ಈಗ ಅದನ್ನು ನಾನೇ ಕಿತ್ತುಕೊಳ್ಳಬೇಕು. ಕಿತ್ತುಕೊಂಡರೆ ಆ ಜೀವ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ.

ಭಾನುವಾರ ಬೆಳಗ್ಗೆ ಹೊರಟೆ. ಮೋಟೆಬೆನ್ನೂರು ದಾಟಿ ಹಾವೇರಿ, ಹಾವೇರಿಯಲ್ಲಿ ಬಸ್ಸು ಬದಲಿಸಿ ಕರ್ಜಗಿ. ಹಾವೇರಿ ನಿಲ್ದಾಣದಲ್ಲಿ ಬಿಲ್ಲೆಯನ್ನು ಕುಪ್ಪಸದ ಒಳಗೆ ಸರಿಸಿ ಸೆರಗು ಹೊದ್ದುಕೊಂಡೆ. ಹೇಳುವ ಮೊದಲೇ ಅದು ಕಾಣಬಾರದು ಎಂದು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಒಳಗೇ ಬಾಯಿಪಾಠ ಮಾಡಿದೆ. ಬರೆಯುವವಳಲ್ಲವೇ, ಮೂರು ಸಲ ತಿದ್ದಿದೆ ಕೂಡ.

ಕರ್ಜಗಿಯಲ್ಲಿ ಇಳಿದು ಒಬ್ಬರನ್ನು ಮನೆ ಕೇಳಿದೆ. ಅವರು ಓಣಿ ತೋರಿಸಿದರು, ಎಷ್ಟನೇ ಮನೆ ಎಂದು ಹೇಳಲಿಲ್ಲ. ಮುಂದೆ ನಾನು ಯಾರನ್ನೂ ಕೇಳದೆ ಒಂದು ಮನೆಯ ಮುಂದೆ ನಿಂತೆ. ಬಾಗಿಲಿಗೆ ಮೂರು ಮೆಟ್ಟಿಲು. ಮೊದಲನೆಯದರ ಮೇಲೆ ಕಾಲಿಟ್ಟು, ಎರಡನೆಯದನ್ನು ಬಿಟ್ಟು, ಮೂರನೆಯದಕ್ಕೆ ಏರಿದೆ. ಯಾಕೆ ಹಾಗೆ ಏರಿದೆನೋ ಗೊತ್ತಿಲ್ಲ. ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಮುದುಕಿ ಮೊರ ಕೆಳಗಿಟ್ಟಳು.

"ನಡುವಿನ ಕಲ್ಲು ಅಲಗ್ಯಾಡತೈತಿ ಅಂತ ನಿನಗ ಯಾರು ಹೇಳಿದ್ರು?" ಅಂದಳು.

ಅದು ಆಕೆ ನನಗೆ ಆಡಿದ ಮೊದಲ ಮಾತು. ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿಗೇ ಮುಗಿಯಿತು.

"ಯಾರೂ ಹೇಳಿಲ್ರಿ, ಅವ್ವಾರ."

"ಬಾ. ಕುಂದರು." ಗಟ್ಟಿ ದೇಹ, ಕಣ್ಣು ಚುರುಕು. ತಲೆ ನೆಟ್ಟಗಿಲ್ಲದವರ ಕಣ್ಣಲ್ಲ ಅದು. ಮನೆಯವರು ಹೊಲಕ್ಕೆ ಹೋಗಿದ್ದಾರೆ ಅಂದಳು. "ಕಂಪ್ಯೂಟರಿನ್ಯಾಗ ಬರಿಯಾಕಿ ನೀನ ಹೌದಲ್ಲೋ?"

"ಹೌದ್ರಿ."

"ಗೊತ್ತಾತು. ನನ್ನ ಮಗಳಿಗೆ ಅಕ್ಷರ ಬರೂದಿಲ್ಲ. ಯಾರೋ ಆಕಿ ಬಾಯಿಲೆ ಕೇಳಿ ಬರಿಯಾಕತ್ತಾರ ಅಂತ ನನ್ನ ಮಗನಿಗೆ ಹೇಳಿದೆ." ಆಕೆ ನನ್ನ ಹತ್ತಿರ ಸರಿದಳು. "ಎಮ್ಮಿ ಸುದ್ದಿ ಹೇಳಿದ್ಲು. ಕಾಲ ಹೊರಗ ಇಟ್ಟು ಮಲಗೂದು ಹೇಳಿದ್ಲು. ಅದು ಈ ಮನಿಯಾಗ ನನಗೊಬ್ಬಾಕಿಗೆ ಗೊತ್ತಿದ್ದದ್ದು. ನನ್ನ ಬಾಜೂಕ ಮಲಗತಿದ್ಲು. ಇನ್ನೇನ ಹೇಳ್ಯಾಳ? ಎಲ್ಲಿ ಇಟ್ಟಾರ ಆಕಿನ್ನ? ಊಟ ಗೀಟ ಮಾಡತಾಳ?"

ಆ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ನನಗೆ ಸುಳ್ಳು ಹೇಳಬೇಕೆನಿಸಿತು. ಒಂದೇ ಒಂದು ಕಥೆ ಸಾಕಿತ್ತು. ದೂರದ ಒಂದು ಊರು, ಒಂದು ಮನೆ, ಬರಲಾಗದ ಒಂದು ಕಾರಣ. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಎಳೆದು ಆಡುವ ಅದೇ ಮಾತಿನಲ್ಲಿ, ತೀರಿಹೋದ ಮಗಳೇ ಹೇಳುತ್ತಿರುವ ಹಾಗೆ. ಬಾಯಿ ತೆರೆದಿದ್ದರೆ ಅದೇ ಹೊರಬೀಳುತ್ತಿತ್ತು. ನನಗೆ ನನ್ನ ಬಾಯಿಯ ಹೆದರಿಕೆಯಾಯಿತು. ಅದಕ್ಕೇ ಬಾಯಿ ತೆರೆಯಲಿಲ್ಲ. ಸೆರಗು ಸರಿಸಿ ಬಿಲ್ಲೆಯನ್ನು ಹೊರಗೆ ತೆಗೆದು ತೋರಿಸಿದೆ.

ಆಕೆ ನೋಡಿದಳು. ನಾನು ಯಾರೆಂದು ಆಕೆಗೆ ಆಗ ಅರ್ಥವಾಯಿತು. ಹೆಬ್ಬೆರಳಿನಿಂದ ಬಿಲ್ಲೆಯ ಮೇಲಿನ ಹೆಂಗಸಿನ ಮುಖವನ್ನು ಮೆಲ್ಲಗೆ ಒರೆಸಿದಳು, ಮಕ್ಕಳ ಮುಖದ ಎಣ್ಣೆ ಒರೆಸುವ ಹಾಗೆ. ಬಿಲ್ಲೆ ನನ್ನ ಕೊರಳಲ್ಲೇ ಇದ್ದದ್ದರಿಂದ ಆಕೆಯ ಉಸಿರು ನನ್ನ ಗಲ್ಲಕ್ಕೆ ತಗಲುತ್ತಿತ್ತು.

"ಇಕಿನ?"

"ಹೌದ್ರಿ."

"ಇಷ್ಟ ಸಣ್ಣಾಕಿ ಆಗ್ಯಾಳ."

"ಅವ್ವಾರ, ನನಗ ಯಾರೂ ಏನೂ ಹೇಳಿಲ್ರಿ. ಎಲ್ಲಾ ನಾನ ಬರದದ್ದು. ಆಕಿ ಹೆಸರು ನಾ ಭಾಂಡೆ ಮ್ಯಾಲೆ ನೋಡಿ ಇಟಗೊಂಡೆ. ನನ್ನ ತಪ್ಪು. ಆಕಿ ಇಲ್ರಿ. ಏಳ ವರ್ಷದ ಹಿಂದನ ಹೋಗ್ಯಾಳ."

ಆಕೆ ನನ್ನ ಎರಡೂ ಭುಜ ಹಿಡಿದು ಮಗಳ ಹೆಸರು ಕೂಗಿದಳು. ಅಷ್ಟು ವರ್ಷ ಬೆರಳಿನಿಂದಷ್ಟೇ ಗೊತ್ತಿದ್ದ ಹೆಸರನ್ನು ನಾನು ಕಿವಿಯಿಂದ ಕೇಳಿದ್ದು ಅದೇ ಮೊದಲು. ಎದೆಯೊಳಗೆ ಏನೋ ಓಗೊಟ್ಟಂತಾಯಿತು. ನಾನು "ಯವ್ವಾ" ಅಂದೆ. ನಾನೇ ಅಂದೆನೋ, ಅನ್ನಿಸಿತೋ, ಹೇಳಲಾರೆ.

ಆಕೆ ಅಳತೊಡಗಿದಳು. ನಮ್ಮ ಕಡೆ ಸತ್ತವರ ಮುಂದೆ ಅಳುವುದು ಅಂದರೆ ಬರೀ ಕಣ್ಣೀರಲ್ಲ. ಸತ್ತವರ ಗುಣವನ್ನೆಲ್ಲ ಹೇಳಿ ಹೇಳಿ, ರಾಗ ಎಳೆದು ಅಳುತ್ತಾರೆ. ನನ್ನ ತಲಿ ಬಾಚಾಕಿ, ಎಮ್ಮಿ ಹಿಂಡಾಕಿ, ನನ್ನ ಬಿಟ್ಟು ಎಲ್ಲಿ ಹ್ವಾದಿ. ಏಳು ವರ್ಷದ್ದು ಒಮ್ಮೆಗೇ ಬಂತು. ಪಕ್ಕದ ಮನೆಯ ಹೆಂಗಸರು ಓಡಿ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ನನ್ನ ಕೊರಳ ಬಿಲ್ಲೆ ಕಂಡಿತು. ಒಬ್ಬೊಬ್ಬರೇ ಬಂದು ಸುತ್ತ ಕೂತರು, ಸೆರಗು ಬಾಯಿಗೆ ಹಿಡಿದರು, ಅವರೂ ದನಿ ಸೇರಿಸಿದರು.

ನಾನು ನಡುವೆ. ಹೆಣವನ್ನು ಕೂರಿಸಿದ ಹಾಗೆ ಗೋಡೆಗೆ ಬೆನ್ನು ಹಚ್ಚಿ ನನ್ನನ್ನು ಕೂರಿಸಿದ್ದರು. ಒಬ್ಬಾಕೆ ಬಂದು ನನ್ನ ಗಲ್ಲ ಹಿಡಿದು, "ಸಣ್ಣಾಕಿದ್ದಾಗ ನನ್ನ ಹೆಗಲ ಮ್ಯಾಲೆ ಬೆಳದ್ಯಲ್ಲವಾ" ಎಂದು ಅತ್ತಳು. ಇನ್ನೊಬ್ಬಾಕೆ ನನ್ನ ಪಾದ ಮುಟ್ಟಿ ಅತ್ತಳು. ನಾನು ಅಳಬಾರದು, ಅಲುಗಬಾರದು ಎಂದು ನನಗೆ ಹೇಗೋ ತಿಳಿದಿತ್ತು. ಉಸಿರು ಬಿಗಿಹಿಡಿದು ಕೂತೆ. ಹೊರಗೆ ಚುರುಚುರು ಬಿಸಿಲು, ನನ್ನ ಕೈಕಾಲು ಮಂಜಿನಂತೆ ತಣ್ಣಗಾಗಿದ್ದವು. ಒಂದು ಕ್ಷಣ ನಾನು ನಿಜವಾಗಿ ಸತ್ತಿದ್ದೇನೆ, ಇವರು ಅಳುತ್ತಿರುವುದು ನನಗೇ ಎಂದು ನಂಬಿದೆ. ಹೆದರಿಕೆಯೂ ಆಗಲಿಲ್ಲ, ಅದನ್ನು ನೆನೆದರೆ ಈಗ ಹೆದರಿಕೆಯಾಗುತ್ತದೆ.

ಅಳು ತಾನಾಗಿ ಇಳಿಯಿತು. ಎಲ್ಲರೂ ಎದ್ದು ಹಿತ್ತಲಿಗೆ ಹೋಗಿ ಕೈಕಾಲು, ಮುಖ ತೊಳೆದು ಬಂದರು, ಮಣ್ಣಿಗೆ ಹೋಗಿ ಬಂದವರ ಹಾಗೆ. ಮುದುಕಿಯೂ ತೊಳೆದು ಬಂದಳು. ನನಗೆ ಚರಗಿಯಲ್ಲಿ ನೀರು ಕೊಟ್ಟಳು. ಮುಖ ತೊಳೆದ ಮೇಲೆ ಬೆಚ್ಚಗಾಯಿತು, ಹಸಿವಾಯಿತು. ಆಕೆ ಒಳಗಿನಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಪ್ಪಸದ ಖಣ ತಂದು, ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ ಕಾಳು ಕೆಳಗೂ ಬಿದ್ದವು.

"ಇನ್ನ ಮ್ಯಾಲೆ ನೀನ" ಅಂದಳು. ವಾಕ್ಯ ಪೂರ್ತಿ ಮಾಡಲಿಲ್ಲ. "ನಿನ್ನ ಹೆಸರೇನವಾ?" ಎಂದು ಕೇಳಿದಳು. ಹೇಳಿದೆ. "ಚಲೋ ಐತಿ" ಅಂದಳು. ರೊಟ್ಟಿ, ಮೊಸರು, ಗುರೆಳ್ಳು ಚಟ್ನಿ ಬಡಿಸಿ, ನಾನು ಉಣ್ಣುವ ತನಕ ಎದುರು ಕೂತಳು. ತಾನೂ ಒಂದು ರೊಟ್ಟಿ ಮುರಿದಳು.

ಬಸ್ಸಿನಲ್ಲಿ ತಿರುಗಿ ಬರುವಾಗ ಅತ್ತೆ, ಗಂಡ, ಯಾರ ಹೆದರಿಕೆಯೂ ಇರಲಿಲ್ಲ. ದೊಡ್ಡದೊಂದು ತಪ್ಪು ಮಾಡಿ, ಅದನ್ನು ತಿದ್ದಿಯೂ ಬಂದೆ ಎಂಬ ಹೆಮ್ಮೆ ಇತ್ತು. ಹೌದು, ಹೆಮ್ಮೆ. ಒಳ್ಳೆಯ ಕೆಲಸ ಮಾಡುವಾಗಲೂ ನನಗೆ ಅದು ಬಿಡುವುದಿಲ್ಲ. ಆ ರಾತ್ರಿ ಎರಡೂ ಕಾಲು ಕೌದಿಯ ಒಳಗಿಟ್ಟು ಮಲಗಿದೆ, ಬೆಳಗಿನ ತನಕ ಒಳಗೇ ಇದ್ದವು.

ಮರುದಿನ ಕೇಂದ್ರಕ್ಕೆ ಹೋದವಳೇ ಬ್ಲಾಗು ತೆರೆದೆ. ಕದ್ದ ಹೆಸರು ಇನ್ನೊಂದು ದಿನ ಅಲ್ಲಿ ಇರಬಾರದು ಎಂದು ನಿಶ್ಚಯಿಸಿದ್ದೆ. ಎಮ್ಮೆ, ಹೊಳೆ, ತಮ್ಮನ ತಲೆ, ಎಲ್ಲವನ್ನೂ ಅಳಿಸಿದೆ. ನಿಜವಾಗಿ ಅಳಿಸಬೇಕೆ ಎಂದು ಅದು ಕೇಳಿತು. ಹೌದು ಅಂದೆ. ಬರೆದದ್ದೆಲ್ಲ ನೇರ ಅಲ್ಲಿಯೇ ಟೈಪು ಮಾಡಿದ್ದು, ಬೇರೆ ಕಡೆ ಒಂದು ಸಾಲೂ ಇರಲಿಲ್ಲ. ಇರಲಿ, ಇದೇ ಸರಿ ಎಂದುಕೊಂಡು ಪಾಠ ಶುರು ಮಾಡಿದೆ.

ಪಾಠ ಮುಗಿಸಿ ಮೇಲ್ ತೆರೆದರೆ ತಮ್ಮನದು ಬಂದಿತ್ತು.

'ಅವ್ವ ಫೋನ್ ಮಾಡಿದ್ಲು. ಎಲ್ಲಾ ಹೇಳಿದ್ಲು. ಅತ್ತು ಅತ್ತು ಮಲಗಿದ್ಲಂತ. ಏಳ ವರ್ಷದಾಗ ಅಕಿ ಹಂಗ ನಿದ್ದಿ ಮಾಡಿದ್ದಿಲ್ರಿ. ನಿಮಗ ನಾ ಬೈಯೂದಿಲ್ಲ. ಅಕ್ಕ ಹೋದಾಗ ನಾ ಸಣ್ಣಾವ. ಆಕಿ ಮಾರಿ ಫೋಟೋದಾಗ ಐತಿ. ಆಕಿ ಹೆಂಗ ಮಾತಾಡತಿದ್ಲು ಅನ್ನೂದು ಮಾತ್ರ ನನಗ ಮರತಹೋಗಿತ್ತು. ನೀವು ಬರದದ್ದು ಓದಿದಾಗ ಕೇಳಸತಿತ್ತು. ನೀವು ಯಾರಾದ್ರೂ ಆ ಮಾತು ಆಕಿದ. ಒಂದ ಕೇಳಕೋತೇನಿ. ಅದನ್ನ ತಗೀಬ್ಯಾಡ್ರಿ. ರಜಾ ಇದ್ದಾಗ ಓದಿಕೋತೇನಿ.'

ಅಳಿಸಿ ಎರಡೇ ತಾಸಾಗಿತ್ತು.

ಮರಳಿ ತರುವ ದಾರಿ ಹುಡುಕಿದೆ, ಗೊತ್ತಿದ್ದವರನ್ನು ಕೇಳಿದೆ, ಆಗಲಿಲ್ಲ. ಹಾಗಾದರೆ ಮತ್ತೆ ಬರೆದರಾಯಿತು, ನಾನೇ ಬರೆದದ್ದಲ್ಲವೇ ಎಂದು ಕೂತೆ. ಒಂದು ಮಧ್ಯಾಹ್ನವಲ್ಲ, ಇಡೀ ವಾರ ಕೂತೆ. ಎಮ್ಮೆ ಬಂತು, ಹೊಳೆ ಬಂತು, ಎಣ್ಣೆ ಬಂತು. ಎಲ್ಲ ನನ್ನ ಇಸ್ತ್ರಿ ಮಾಡಿದ ಭಾಷೆಯಲ್ಲಿ ಬಂದವು. ಎಳೆದು ಆಡುವ ಆ ಮಾತು ಒಂದು ಸಾಲಿಗೂ ಬರಲಿಲ್ಲ. ಅವ್ವ ಅತ್ತು ಕಳಿಸಿಕೊಟ್ಟ ಮೇಲೆ ಆಕೆ ಹೋಗಿಬಿಟ್ಟಿದ್ದಳು. ಸತ್ತವರು ಮೈಮೇಲೆ ಬರುತ್ತಾರೆಂದು ಜನ ಹೆದರುತ್ತಾರೆ, ನಾನು ಆ ವಾರವೆಲ್ಲ ಬಾರವ್ವ, ನಿನ್ನ ತಮ್ಮ ಕಾಯುತ್ತಿದ್ದಾನೆ ಎಂದು ಕರೆಯುತ್ತ ಕೂತಿದ್ದೆ.

ಕೊನೆಗೆ ಅವನಿಗೆ ಉತ್ತರ ಬರೆದೆ. ಕೆಳಗೆ ನನ್ನ ಸ್ವಂತ ಹೆಸರು ಹಾಕಿದೆ. 'ತಮ್ಮಾ, ನಿನ್ನ ಪತ್ರ ನೋಡೂದರಾಗ ಎಲ್ಲಾ ಅಳಿಸಿಬಿಟ್ಟಿದ್ದೆ. ಮತ್ತ ಬರಿಯಾಕ ನೋಡಿದೆ, ನನಗ ಬರವಲ್ದು.'